ಮನೆಯೊಳಗಿನ ಕೃತಜ್ಞತೆಗೂ ಒಂದು ಲೆಕ್ಕ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕಷ್ಟದಲ್ಲಿರುವ ಸಂಸಾರಗಳಿಗೆ ಪುರವಣಿಗಳಲ್ಲಿ ಮತ್ತೆ ಮತ್ತೆ ಸಿಗುವ ಸಲಹೆ ಒಂದೇ: ‘ಇಲ್ಲದ್ದಕ್ಕೆ ಕೊರಗಬೇಡಿ, ಇರುವುದಕ್ಕೆ ಕೃತಜ್ಞರಾಗಿರಿ.’ ಸಲಹೆಯಲ್ಲಿ ಸುಳ್ಳೇನಿಲ್ಲ. ಆದರೆ ಅದನ್ನು ಮಾಡುವುದು ಹೇಗೆಂದು ಯಾರೂ ಬರೆಯುವುದಿಲ್ಲ. ಹಾಸಿಗೆ ಹಿಡಿದ ಹಿರಿಯರು, ಕಂತು ತಪ್ಪಿದ ಸಾಲ, ಕೈಬಿಟ್ಟು ಹೋದ ಕೆಲಸ, ರಾತ್ರಿಯಿಡೀ ಅಳುವ ಕೂಸು, ಇವುಗಳ ನಡುವೆ ಸಿಕ್ಕಿಕೊಂಡವರ ಕಿವಿಗೆ ಆ ಮಾತು ‘ಗೊಣಗದೆ ಸುಮ್ಮನಿರಿ’ ಎಂದಷ್ಟೇ ಕೇಳಿಸುತ್ತದೆ. ಹೇಗೆ ಎಂಬ ಆ ಭಾಗವನ್ನು ಬರೆಯುವುದಕ್ಕಾಗಿಯೇ ಈ ಪತ್ರ.

ಪದವನ್ನು ಬಿಡಿಸಿ ನೋಡಿದರೇ ಅರ್ಧ ದಾರಿ ತಿಳಿಯುತ್ತದೆ. ‘ಕೃತ’ ಎಂದರೆ ಮಾಡಿದ್ದು, ‘ಜ್ಞ’ ಎಂದರೆ ಬಲ್ಲವನು. ಯಾರು ಏನು ಮಾಡಿದರೆಂದು ಬಲ್ಲವನೇ ಕೃತಜ್ಞ. ಇದರಲ್ಲಿ ಸಂತೋಷದ ಮಾತೇ ಇಲ್ಲ, ನಗುಮುಖದ ಮಾತೂ ಇಲ್ಲ. ಮೊದಲು ಗೊತ್ತಾಗಬೇಕು, ಮನಸ್ಸು ತುಂಬುವುದು ಆಮೇಲೆ. ನಮ್ಮ ಬಹುಪಾಲು ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಯಾರು ಏನು ಮಾಡುತ್ತಿದ್ದಾರೆ ಎಂಬ ತಿಳಿವಳಿಕೆಗೆ ಕೊರತೆ.

ಈ ಕೊರತೆಗೆ ಕಾರಣಗಳಿವೆ. ಹಿತ್ತಲ ಗಿಡ ಮದ್ದಲ್ಲ ಎಂಬುದು ಹಳೆಯ ಮಾತು. ದಿನವೂ ಸಿಗುವುದು ಕಣ್ಣಿಗೆ ಬೀಳುವುದಿಲ್ಲ. ಮನಶ್ಶಾಸ್ತ್ರಜ್ಞರು ಇದನ್ನು ಹೊಂದಿಕೆ ಎನ್ನುತ್ತಾರೆ: ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಮನಸ್ಸು ಒಗ್ಗಿಕೊಂಡ ಮೇಲೆ ಅದರ ಕಡೆ ತಿರುಗಿ ನೋಡುವುದಿಲ್ಲ. ಇದರ ಜೊತೆಗೆ, ಕೆಟ್ಟದ್ದು ಒಳ್ಳೆಯದಕ್ಕಿಂತ ಆಳವಾಗಿ ನಾಟುತ್ತದೆ. ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ ಇದೇ ತೀರ್ಮಾನಕ್ಕೆ ಬಂದರು. ಮೂರನೆಯ ಕಾರಣ ಮನೆಗೆಲಸದ ಸ್ವಭಾವದಲ್ಲೇ ಇದೆ. ಚೆನ್ನಾಗಿ ಮಾಡಿದ ಕೆಲಸ ಗುರುತನ್ನೇ ಉಳಿಸುವುದಿಲ್ಲ. ಮುಗಿಯುವ ಮುನ್ನ ತಂದಿಟ್ಟ ಮಾತ್ರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಗಿದುಹೋದ ಮಾತ್ರೆ ಇಡೀ ಮನೆಗೆ ಗೊತ್ತಾಗುತ್ತದೆ.

ಹಾಗಾಗಿ ಶುರು ಮಾಡಬೇಕಾದದ್ದು ಒಂದು ಪಟ್ಟಿಯಿಂದ. ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ. ಮೊದಲನೆಯದರಲ್ಲಿ ಕೆಲಸ, ಎರಡನೆಯದರಲ್ಲಿ ಅದನ್ನು ಮಾಡಿದವರು, ಮೂರನೆಯದರಲ್ಲಿ ಅದನ್ನು ನೆನಪಿಟ್ಟುಕೊಂಡವರು. ಏಳು ದಿನ ಸಾಕು, ದಿನಕ್ಕೆ ಐದು ನಿಮಿಷ. ಎಲ್ಲರ ಕೈಗೂ ಎಟಕುವ ಜಾಗದಲ್ಲಿ ಪೆನ್ನಿನ ಸಮೇತ ಇಟ್ಟುಬಿಡಿ. ಪೆನ್ನು ಹುಡುಕಬೇಕಾಗಿ ಬಂದರೆ ಮೂರನೆಯ ದಿನವೇ ಪಟ್ಟಿ ನಿಂತುಹೋಗುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ‘ಅಡುಗೆ’, ‘ಸ್ವಚ್ಛತೆ’ ಎಂದು ದೊಡ್ಡ ತಲೆಬರಹ ಬರೆದರೆ ಪಟ್ಟಿಯಿಂದ ಏನೂ ಉಪಯೋಗವಿಲ್ಲ. ‘ಶಾಲೆಯ ಚೀಟಿಗೆ ಸಹಿ ಹಾಕಿದ್ದು’, ‘ವಿದ್ಯುತ್ ಬಿಲ್ಲಿನ ಕೊನೆಯ ದಿನ ನೋಡಿಕೊಂಡಿದ್ದು’, ‘ರಾತ್ರಿ ಎದ್ದು ರೋಗಿಯ ಮಗ್ಗುಲು ಬದಲಿಸಿದ್ದು’ ಎಂದು ಬಿಡಿಬಿಡಿಯಾಗಿ ಬರೆಯಬೇಕು. ಹಾಸಿಗೆ ಹುಣ್ಣಾಗದಂತೆ ತಡೆಯಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳುತ್ತಾರೆ. ಎಂಟು ಗಂಟೆಯ ರಾತ್ರಿಯಲ್ಲಿ ಅದು ಮೂರು ನಾಲ್ಕು ಸಲ. ‘ನೋಡಿಕೊಳ್ಳುತ್ತಾಳೆ’ ಎಂಬ ಒಂದೇ ಪದದೊಳಗೆ ಮುರಿದ ನಿದ್ದೆ ಎಷ್ಟು ಅಡಗಿದೆ ಎಂಬುದು ಹೀಗೆ ಬರೆದಾಗ ಮಾತ್ರ ಕಾಣುತ್ತದೆ.

ಮೂರನೆಯ ಕಲಮ್ಮೇ ಈ ಪಟ್ಟಿಯ ಜೀವ. ಕೈಯಿಂದ ಮಾಡುವ ಕೆಲಸ ಕಣ್ಣಿಗಾದರೂ ಕಂಡೀತು. ನೆನಪಿಟ್ಟುಕೊಳ್ಳುವ ಕೆಲಸ ಕಾಣುವುದೇ ಇಲ್ಲ. ‘ನನಗೆ ಹೇಳಿದ್ದರೆ ಮಾಡುತ್ತಿದ್ದೆನಲ್ಲ’ ಎನ್ನುವವರು ಈ ಕಲಮ್ಮನ್ನು ಒಮ್ಮೆ ನೋಡಬೇಕು. ಹೇಳುವುದೂ ಒಂದು ಕೆಲಸ. ಅನೇಕ ಮನೆಗಳಲ್ಲಿ ಎರಡನೆಯ ಕಲಂನಲ್ಲಿ ನಾಲ್ಕೈದು ಹೆಸರುಗಳಿದ್ದರೆ ಮೂರನೆಯದರಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು ಇರುತ್ತದೆ.

ಇಲ್ಲೊಂದು ಎಚ್ಚರಿಕೆ. ಪಟ್ಟಿ ಕೈಗೆ ಬಂದ ಕೂಡಲೇ ‘ನಾನೇ ಜಾಸ್ತಿ ಮಾಡುತ್ತೇನೆ’ ಎಂಬ ಜಗಳ ಏಳುತ್ತದೆ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಸಂಶೋಧಕರು ಗಂಡ-ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಯ ಯಾವ ಜವಾಬ್ದಾರಿಯಲ್ಲಿ ನಿಮ್ಮ ಪಾಲು ಎಷ್ಟು ಎಂದು ಕೇಳಿದ್ದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಕೆಲಸಗಳಲ್ಲಿ ಮೊತ್ತ ನೂರಕ್ಕೆ ನೂರನ್ನು ಮೀರಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ನಾನು ಮಾಡುವಾಗ ನಾನು ಅಲ್ಲೇ ಇರುತ್ತೇನೆ, ನೀನು ಮಾಡುವಾಗ ನಾನು ಅಲ್ಲಿರುವುದಿಲ್ಲ, ಅಷ್ಟೇ. ಆದ್ದರಿಂದ ಪಟ್ಟಿಯನ್ನು ಓದುವಾಗ ಒಂದು ನಿಯಮ: ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರಿರುವ ಸಾಲುಗಳನ್ನು ಮಾತ್ರ ಗಟ್ಟಿಯಾಗಿ ಓದಬೇಕು. ತನ್ನ ಹೆಸರಿನ ಸಾಲನ್ನು ತಾನೇ ಓದಿದರೆ ಅದು ಬಿಲ್ಲಾಗಿಬಿಡುತ್ತದೆ.

ಇನ್ನು ಕಂಡದ್ದನ್ನು ಹೇಳುವ ಬಗೆ. ಮನೆಮಂದಿಗೆ ‘ಧನ್ಯವಾದ’ ಎಂದರೆ ಸಭೆಯ ವಂದನಾರ್ಪಣೆಯಂತೆ ಕೇಳುತ್ತದೆ, ‘ಥ್ಯಾಂಕ್ಸ್’ ಎಂದರೆ ತೀರ ಹಗುರ. ‘ನಮಗೇ ಥ್ಯಾಂಕ್ಸಾ? ನಾವೇನು ಹೊರಗಿನವರಾ?’ ಎಂದು ತಿರುಗಿ ಕೇಳುವವರೂ ಉಂಟು. ಅವರ ಪ್ರಶ್ನೆ ನ್ಯಾಯವಾದದ್ದೇ. ಹಾಗೆಂದು ಹೇಳುವುದನ್ನೇ ಬಿಡಬೇಕಿಲ್ಲ, ಆ ಪದವನ್ನು ಬಿಟ್ಟರೆ ಸಾಕು. ಕನ್ನಡದ ಮನೆಮಾತಿನಲ್ಲಿ ಇದಕ್ಕೆ ಬೇರೆಯೇ ದಾರಿಗಳಿವೆ: ‘ನೀನಿದ್ದಿ ಅಂತ ಆಯ್ತು’, ‘ನಿನ್ನಿಂದ ನನಗೆ ಎಷ್ಟು ಹಗುರಾಯ್ತು’, ‘ನೀನು ನೋಡ್ಕೊಂಡಿದ್ದಕ್ಕೆ ನಾನು ನಿಶ್ಚಿಂತೆಯಾಗಿ ಹೋಗಿಬಂದೆ.’

ಒಳ್ಳೆಯ ಮಾತಿಗೆ ಮೂರು ಭಾಗ ಸಾಕು: ನೀನು ಏನು ಮಾಡಿದೆ, ಅದಕ್ಕೆ ನಿನಗೆ ಎಷ್ಟು ಖರ್ಚಾಯಿತು, ಅದರಿಂದ ನನಗೆ ಏನಾಯಿತು. ಖರ್ಚು ಎಂದರೆ ಇಲ್ಲಿ ನಿದ್ದೆ, ಸಮಯ, ಮುಜುಗರ. ‘ನಿನ್ನೆ ರಾತ್ರಿ ಎರಡು ಗಂಟೆಗೂ ನಾಲ್ಕು ಗಂಟೆಗೂ ನೀನೇ ಎದ್ದೆ, ಬೆಳಗ್ಗೆ ನಿನಗೂ ಕೆಲಸವಿತ್ತು, ನನಗೆ ಐದು ಗಂಟೆ ಒಂದೇ ಸಮನೆ ನಿದ್ದೆಯಾಯಿತು.’ ಇಷ್ಟೇ. ಇದರ ಮುಂದೆ ‘ನೀನು ತುಂಬಾ ಒಳ್ಳೆಯವಳು’ ಎಂಬುದು ಸಪ್ಪೆ. ಅಷ್ಟೇ ಅಲ್ಲ, ಒಳ್ಳೆಯವಳು ಎಂಬ ಪಟ್ಟ ಕಟ್ಟಿದರೆ ನಾಳೆ ಏಳಲಾಗದ ದಿನ ಅವಳು ಕೆಟ್ಟವಳಾಗಬೇಕಾಗುತ್ತದೆ. ಮಧ್ಯದ ಭಾಗವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಕೇಳುವವರ ಮನಸ್ಸಿಗೆ ತಟ್ಟುವುದು ಮಾತ್ರ ಅದೇ.

ಈ ಮಾತು ಕೆಡುವ ಬಗೆಗಳೂ ಗೊತ್ತಿರಲಿ. ಕೊನೆಗೆ ‘ಆದರೆ’ ಬಂದರೆ ಅದಕ್ಕಿಂತ ಹಿಂದಿನದ್ದೆಲ್ಲ ಅಳಿಸಿಹೋಗುತ್ತದೆ. ಹೊಗಳಿಕೆಯ ಬೆನ್ನಿಗೇ ಇನ್ನೊಂದು ಕೆಲಸ ಹೇಳಿದರೆ ಹೊಗಳಿಕೆ ಮುಂಗಡವಾಗಿಬಿಡುತ್ತದೆ. ನಡುವೆ ಅರ್ಧ ದಿನವಾದರೂ ಬಿಡಿ. ‘ನಿನ್ನ ಅಣ್ಣನ ಹಾಗಲ್ಲ ನೀನು’ ಎಂದರೆ ಒಬ್ಬರ ಕೃತಜ್ಞತೆಯಲ್ಲಿ ಇನ್ನೊಬ್ಬರಿಗೆ ಏಟು. ನೆಂಟರ ಮುಂದೆ ಮಾತ್ರ ಹೊಗಳಿ, ಇಬ್ಬರೇ ಇದ್ದಾಗ ಬಾಯಿ ಹೊಲಿದುಕೊಂಡರೆ ಅದು ನೆಂಟರಿಗಾಗಿ ಆಡಿದ ಮಾತು. ಇನ್ನು ‘ಮನೆಗೆಲಸದಲ್ಲಿ ನನಗೆ ಸಹಾಯ ಮಾಡಿದರು’ ಎಂಬ ಮಾತೊಂದಿದೆ. ಸಹಾಯ ಎಂದ ಕೂಡಲೇ ಆ ಕೆಲಸ ಒಬ್ಬರ ಪಾಲಿನದು, ಇನ್ನೊಬ್ಬರು ದಯೆ ತೋರಿದರು ಎಂದಾಗುತ್ತದೆ. ‘ಮಾಡಿದರು’ ಎಂದರೆ ಸಾಕು.

ಕೇಳಿಸಿಕೊಳ್ಳುವುದಕ್ಕೂ ಒಂದು ಅಭ್ಯಾಸ ಬೇಕು. ‘ಅಯ್ಯೋ ಅದರಲ್ಲೇನಿದೆ ಬಿಡು’ ಎಂದು ತಳ್ಳಿಹಾಕಿದರೆ ಹೇಳಿದವರು ಎರಡನೆಯ ಸಲ ಹೇಳುವುದಿಲ್ಲ. ‘ಹೌದು, ನಿನ್ನೆ ಸುಸ್ತಾಗಿತ್ತು. ನೀನು ಗಮನಿಸಿದ್ದೀಯಲ್ಲ, ಸಾಕು’ ಎಂದುಬಿಡಿ. ಅದು ಜಂಬವಲ್ಲ, ನಿಜ.

ಬರೆದಿಡುವ ವಿಚಾರಕ್ಕೆ ಬರೋಣ. ಇದರ ಬಗ್ಗೆ ಅತಿ ಹೆಚ್ಚು ಉಲ್ಲೇಖವಾಗುವ ಅಧ್ಯಯನ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ ಅವರದು, 2003ರಲ್ಲಿ ಪ್ರಕಟವಾದದ್ದು. ಅದರ ಮೊದಲ ಪ್ರಯೋಗದಲ್ಲಿ ಒಂದು ಗುಂಪು ವಾರಕ್ಕೊಮ್ಮೆ ಹತ್ತು ವಾರ, ಕೃತಜ್ಞತೆ ಹುಟ್ಟಿಸಿದ ಐದರವರೆಗಿನ ಸಂಗತಿಗಳನ್ನು ಬರೆಯಿತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದಿದ್ದರು. ನರ ಮತ್ತು ಸ್ನಾಯುಗಳ ದೀರ್ಘ ಕಾಯಿಲೆ ಇರುವವರು 21 ದಿನ, ದಿನವೂ ಬರೆದ ಪ್ರಯೋಗವೂ ಅದರಲ್ಲಿತ್ತು. ಅವರ ಮನಸ್ಥಿತಿಯೂ ನಿದ್ದೆಯೂ ಸುಧಾರಿಸಿದ್ದವು. ಕಾಯಿಲೆ ಹೋಗಲಿಲ್ಲ ಎಂಬುದನ್ನು ಮರೆಯಬಾರದು. ನಿದ್ದೆ ಸುಧಾರಿಸಿತು ಎಂಬುದನ್ನೂ ಮರೆಯಬಾರದು.

ದಿನವೂ ಬರೆಯಬೇಕೋ ವಾರಕ್ಕೊಮ್ಮೆಯೋ? 2005ರಲ್ಲಿ ಪ್ರಕಟವಾದ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರ ಬರಹದಲ್ಲಿ ಆರು ವಾರದ ಪ್ರಯೋಗವೊಂದರ ವಿವರವಿದೆ: ವಾರಕ್ಕೆ ಒಮ್ಮೆ ಬರೆದವರಿಗೆ ಫಲ ಸಿಕ್ಕಿತು, ವಾರಕ್ಕೆ ಮೂರು ಸಲ ಬರೆದವರಿಗೆ ಸಿಗಲಿಲ್ಲ. ಅತಿಯಾದರೆ ಇದೂ ಹಿತ್ತಲ ಗಿಡವೇ. ಎರಡನ್ನೂ ಸೇರಿಸಿ ನಮ್ಮ ಸಲಹೆ ಹೀಗೆ: ತೀರ ಕಷ್ಟದ ಗಳಿಗೆಯಲ್ಲಿ ಒಂದರಿಂದ ಮೂರು ವಾರ ದಿನವೂ, ಆಮೇಲೆ ವಾರಕ್ಕೊಂದೇ ಸಲ, ಗೊತ್ತಾದ ಒಂದು ದಿನ. ಐದರ ಬದಲು ಮೂರು ಸಾಕು. ಪ್ರತಿಯೊಂದರ ಕೆಳಗೆ ‘ಇದು ಯಾಕೆ ಆಯಿತು?’ ಎಂಬುದಕ್ಕೆ ಒಂದು ಸಾಲು ಕಡ್ಡಾಯ. ಮಾರ್ಟಿನ್ ಸೆಲಿಗ್‌ಮನ್ ತಂಡ 2005ರಲ್ಲಿ ಪರೀಕ್ಷಿಸಿದ ‘ಮೂರು ಒಳ್ಳೆಯ ಸಂಗತಿಗಳು’ ಅಭ್ಯಾಸದಲ್ಲಿಯೂ ಕಾರಣ ಬರೆಯುವುದು ಸೇರಿತ್ತು. ಒಂದು ವಾರ ರಾತ್ರಿ ರಾತ್ರಿ ಬರೆದವರಲ್ಲಿ ಅದರ ಪರಿಣಾಮ ಆರು ತಿಂಗಳವರೆಗೂ ಕಂಡಿತು, ಅದರಲ್ಲೂ ತಾವಾಗಿಯೇ ಮುಂದುವರಿಸಿದವರಲ್ಲಿ ಹೆಚ್ಚು. ಕಾರಣ ಬರೆಯಲು ಹೊರಟಾಗ ಒಬ್ಬ ಮನುಷ್ಯನ ಹೆಸರು ಹೊರಬರುತ್ತದೆ. ‘ಇವತ್ತು ಮಗು ಬೇಗ ಮಲಗಿತು’ ಎಂಬುದು ಅದೃಷ್ಟ. ‘ಯಾಕೆಂದರೆ ಅಜ್ಜ ಸಂಜೆ ಒಂದು ಗಂಟೆ ಹೊತ್ತುಕೊಂಡು ತಿರುಗಾಡಿದರು’ ಎಂಬುದು ಕೃತಜ್ಞತೆ.

ಹೀಗೆ ಬರೆದಿಡುವ ಪುಸ್ತಕ ಸೋಲುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಮೂರನೆಯ ವಾರದ ಹೊತ್ತಿಗೆ ‘ಆರೋಗ್ಯ, ಮಕ್ಕಳು, ಸೂರು’ ಎಂಬ ಮೂರೇ ಪದಗಳು ಮಗ್ಗಿಯಂತೆ ಬರತೊಡಗುತ್ತವೆ. ಆಗ ದಾರಿ ಬದಲಿಸಿ, ಕೂಡುವ ಬದಲು ಕಳೆಯಿರಿ. ಈ ಮನುಷ್ಯ ನನ್ನ ಬದುಕಿನಲ್ಲಿ ಬರದೇ ಹೋಗುವ ಸಂದರ್ಭಗಳು ಎಷ್ಟಿದ್ದವು ಎಂದು ಐದು ನಿಮಿಷ ಬರೆಯುವುದು. ಮಿಂಕ್ಯುಂಗ್ ಕೂ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ, ಸಂಗಾತಿಯನ್ನು ಭೇಟಿಯಾದ ಕಥೆ ಬರೆದವರಿಗಿಂತ, ಭೇಟಿಯೇ ಆಗದೆ ಹೋಗಬಹುದಾಗಿದ್ದ ಬಗೆಯನ್ನು ಬರೆದವರು ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ಹೇಳಿಕೊಂಡರು. ಆದರೆ ಇತ್ತೀಚೆಗೆ ಸಾವು ಕಂಡ ಮನೆಯಲ್ಲಿ, ಆತಂಕದ ಕಾಯಿಲೆ ಇರುವವರ ಕೈಯಲ್ಲಿ ಇದನ್ನು ಮಾಡಿಸಬೇಡಿ. ಕಳೆದುಕೊಳ್ಳುವ ಯೋಚನೆ ಅವರಲ್ಲಿ ಆಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ.

ಈಗ ದುಡ್ಡಿನ ಮಾತು. ಸಾಲದ ಮನೆಯಲ್ಲಿ ಕೃತಜ್ಞತೆಗೆ ಜಾಗ ಬೇಕೆಂದರೆ ಮೊದಲು ಸಾಲಕ್ಕೆ ಪ್ರತ್ಯೇಕ ಜಾಗ ಕೊಡಬೇಕು. ವಾರಕ್ಕೊಮ್ಮೆ, ಹೊಟ್ಟೆ ತುಂಬಿರುವ ಹೊತ್ತಿನಲ್ಲಿ, ಇಪ್ಪತ್ತೇ ನಿಮಿಷ: ಯಾರಿಗೆ ಎಷ್ಟು ಕೊಡಬೇಕು, ಯಾವ ತಾರೀಖು, ಯಾವುದನ್ನು ಮುಂದೂಡಲು ಕೇಳಬಹುದು, ಕೇಳುವವರು ಯಾರು. ಬರೆದಿಟ್ಟು ಎದ್ದುಬಿಡಿ. ಈ ಇಪ್ಪತ್ತು ನಿಮಿಷ ಇಲ್ಲದ ಮನೆಗಳಲ್ಲಿ ಸಾಲ ಏಳು ದಿನವೂ ಊಟದ ಹೊತ್ತಿನಲ್ಲಿ ಬಂದು ಕೂರುತ್ತದೆ. ಆದರೆ ಇದೇ ಕೂಟದಲ್ಲಿ ಪರಸ್ಪರ ಮೆಚ್ಚುಗೆಯ ಮಾತು ಬೇಡ. ಲೆಕ್ಕದ ನಡುವೆ ಬರುವ ಮೆಚ್ಚುಗೆ ಸಮಾಧಾನದ ಲಂಚದಂತೆ ಕೇಳುತ್ತದೆ.

ಇಲ್ಲಿ ನಮ್ಮ ಭಾಷೆಯೇ ಒಂದು ಉಪಕಾರ ಮಾಡಿದೆ. ‘ಕಷ್ಟ ಇದೆ, ಆದರೆ ನಾವು ಒಟ್ಟಿಗಿದ್ದೇವೆ’ ಎಂದಾಗ ಎರಡನೆಯದು ಮೊದಲನೆಯದರ ಮೇಲೆ ಕಂಬಳಿ ಹೊದಿಸುತ್ತದೆ. ‘ಕಷ್ಟವೂ ಇದೆ, ನಾವೂ ಇದ್ದೇವೆ’ ಎಂದು ನೋಡಿ. ಆ ಒಂದು ‘ಊ’ಕಾರದಿಂದ ಎರಡೂ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ, ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ದುಃಖದಲ್ಲಿರುವವರ ಜೊತೆ ಮಾತಾಡುವಾಗ ‘ಆದರೆ’ಯನ್ನು ಒಂದು ವಾರ ಬಿಟ್ಟು ನೋಡುವುದು ಅತಿ ಅಗ್ಗದ ಪ್ರಯೋಗ.

ಕೃತಜ್ಞತೆಯ ಪಕ್ಕದಲ್ಲೇ ಅದರ ವೇಷ ಹಾಕಿಕೊಂಡ ಇನ್ನೊಂದಿದೆ, ಹಂಗು. 2006ರಲ್ಲಿ ಫಿಲಿಪ್ ವಾಟ್ಕಿನ್ಸ್ ಮತ್ತು ಸಂಗಡಿಗರು ಗಮನಿಸಿದ್ದು ಇದು: ಉಪಕಾರ ಮಾಡಿದವರು ಪ್ರತಿಫಲ ಬಯಸುತ್ತಿದ್ದಾರೆ ಎಂದು ಅನ್ನಿಸಿದಷ್ಟೂ ಪಡೆದವರಲ್ಲಿ ಋಣಭಾರ ಏರುತ್ತದೆ, ಕೃತಜ್ಞತೆ ಇಳಿಯುತ್ತದೆ. ‘ನಿನಗಾಗಿ ನಾವು ಏನೆಲ್ಲ ಮಾಡಿಲ್ಲ’ ಎಂದು ದಿನಕ್ಕೊಮ್ಮೆ ಹೇಳುವ ಮನೆಯಲ್ಲಿ ಮಕ್ಕಳು ಯಾಕೆ ಮುಖ ತಿರುಗಿಸುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಹಂಗಿನ ಭಾರ ಅತಿ ಹೆಚ್ಚು ಬೀಳುವುದು ಹಾಸಿಗೆ ಹಿಡಿದವರ ಮೇಲೆ. ದಿನಕ್ಕೆ ಇಪ್ಪತ್ತು ಸಲ ‘ನಿಮಗೆಲ್ಲ ತೊಂದರೆ ಕೊಡುತ್ತಿದ್ದೇನೆ’ ಎನ್ನುವ ರೋಗಿಗೆ ‘ಹಾಗೆಲ್ಲ ಅನ್ನಬೇಡಿ’ ಎಂದರೆ ಪ್ರಯೋಜನವಿಲ್ಲ. ಅವರ ಕೈಯಲ್ಲಾಗುವ, ನಿಜವಾಗಿಯೂ ಬೇಕಾದ ಒಂದು ಕೆಲಸ ಕೊಡಿ: ಮಾತ್ರೆಯ ವೇಳೆ ನೆನಪಿಸುವುದು, ಮಗುವಿನಿಂದ ಪಾಠ ಓದಿಸುವುದು, ನೆಂಟರಿಗೆ ಫೋನ್ ಮಾಡಿ ಸುದ್ದಿ ತಿಳಿಸುವುದು. ಸುಮ್ಮನೆ ಕೊಟ್ಟ ಕೆಲಸ ಅವರಿಗೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಅವರು ಮಾಡಿದ ಮೇಲೆ ಅದೇ ಮೂರು ಭಾಗದ ಮಾತು ಅವರಿಗೂ ಸಲ್ಲಬೇಕು.

ಮಕ್ಕಳ ವಿಚಾರ ಸಂಕ್ಷಿಪ್ತವಾಗಿ. ಇನ್ನೊಬ್ಬರ ಮನಸ್ಸಿನಲ್ಲಿ ತನ್ನದಕ್ಕಿಂತ ಬೇರೆಯೇ ಯೋಚನೆ ಇರಬಹುದು ಎಂಬುದು ಸುಮಾರು ನಾಲ್ಕೈದು ವರ್ಷದ ಹೊತ್ತಿಗೆ ಮಕ್ಕಳಿಗೆ ತಿಳಿಯತೊಡಗುತ್ತದೆ. ಅದಕ್ಕೂ ಮೊದಲು ‘ಥ್ಯಾಂಕ್ಯೂ ಹೇಳು’ ಎಂದು ಒತ್ತಾಯಿಸಿ ಹೇಳಿಸುವುದು ಬರೀ ಬಾಯಿಪಾಠ. ಅದರ ಬದಲು ಕೇಳಿ: ‘ಅಕ್ಕ ಇದನ್ನು ಯಾಕೆ ತಂದಳು ಅನ್ಸುತ್ತೆ? ತರೋಕೆ ಅವಳು ಏನು ಮಾಡಬೇಕಾಯ್ತು?’ ಊಟವೇ ಇಲ್ಲದ ಮಕ್ಕಳನ್ನು ತೋರಿಸಿ ‘ನೀನೆಷ್ಟು ಪುಣ್ಯವಂತ ನೋಡು’ ಎನ್ನುವ ಪಾಠ ಬೇಡವೇ ಬೇಡ. ಇನ್ನೊಬ್ಬರ ಹಸಿವು ನಮ್ಮ ಸಮಾಧಾನಕ್ಕೆ ಇರುವುದಲ್ಲ.

ವರ್ಷಕ್ಕೊಮ್ಮೆಯಾದರೂ ಮನೆಯ ಒಬ್ಬರಿಗೆ ಪತ್ರ ಬರೆಯುವುದಾದರೆ, ಒಂದು ಪುಟ ಸಾಕು. ಎದುರು ಕೂತು ಓದಿ ಹೇಳಿ. ಹಿಂಜರಿಕೆ ಎಲ್ಲರಿಗೂ ಇರುತ್ತದೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಇಂಥ ಪತ್ರಗಳನ್ನು ಬರೆಸಿ ಎರಡೂ ಕಡೆ ವಿಚಾರಿಸಿದರು. ಪಡೆದವರಿಗೆ ಎಷ್ಟು ಮುಜುಗರವಾದೀತು ಎಂಬುದನ್ನು ಬರೆದವರು ಅತಿಯಾಗಿ ಎಣಿಸಿದ್ದರು, ಎಷ್ಟು ಹಿತವಾದೀತು ಎಂಬುದನ್ನು ಕಡಿಮೆ ಎಣಿಸಿದ್ದರು. ಸೆಲಿಗ್‌ಮನ್ ತಂಡದ ಪ್ರಯೋಗದಲ್ಲಿ ಇಂಥ ಪತ್ರದ ಪರಿಣಾಮ ಸುಮಾರು ಒಂದು ತಿಂಗಳು ಉಳಿದು, ಮೂರು ತಿಂಗಳ ಹೊತ್ತಿಗೆ ಮಾಸಿತ್ತು. ದಿನದ ಸಣ್ಣ ಮಾತುಗಳ ಜಾಗವನ್ನು ಒಂದು ಪತ್ರ ತುಂಬಲಾರದು.

ಕೊನೆಯದಾಗಿ, ಇದನ್ನು ಎಲ್ಲಿ ಮಾಡಬಾರದು ಎಂಬುದನ್ನು ನಿಮ್ಮ ಪತ್ರಿಕೆ ದಪ್ಪಕ್ಷರದಲ್ಲಿ ಹಾಕಬೇಕೆಂದು ಕೋರುತ್ತೇವೆ. ಹೊಡೆತ, ಬೆದರಿಕೆ, ಹಣ ಕಿತ್ತುಕೊಳ್ಳುವುದು ಇರುವ ಮನೆಯಲ್ಲಿ ‘ಒಳ್ಳೆಯದನ್ನು ನೋಡು’ ಎಂಬುದು ಅಪಾಯಕಾರಿ ಸಲಹೆ. ಅಲ್ಲಿ ಬೇಕಿರುವುದು ರಕ್ಷಣೆ. ಎರಡು ವಾರಕ್ಕೂ ಮೀರಿ ದಿನವಿಡೀ ಮನಸ್ಸು ಕುಗ್ಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ವೈದ್ಯರ ಬಳಿ ಹೋಗಬೇಕು, ಪುಸ್ತಕದ ಬಳಿಯಲ್ಲ. ಕೃತಜ್ಞತೆಯ ಅಭ್ಯಾಸಗಳಿಂದ ಖಿನ್ನತೆ, ಆತಂಕಗಳಿಗೆ ಎಷ್ಟು ಗುಣ ಸಿಗುತ್ತದೆ ಎಂದು 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಪರಿಣಾಮ ಸಣ್ಣದು. ಖಿನ್ನತೆ ಇರುವವರಿಗೆ ಖಾಲಿ ಪುಟ ಇನ್ನೊಂದು ತಪ್ಪಿತಸ್ಥ ಭಾವನೆಯನ್ನಷ್ಟೇ ಕೊಡುತ್ತದೆ. ಇನ್ನು, ತಿಂಗಳು ಕಳೆದು ಕೆಲಸದ ಪಟ್ಟಿಯನ್ನು ಮತ್ತೆ ಬರೆದಾಗಲೂ ಮೂರನೆಯ ಕಲಂನಲ್ಲಿ ಅದೇ ಒಂದು ಹೆಸರು ಇದ್ದರೆ ಮೆಚ್ಚುಗೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ, ಆ ಪಟ್ಟಿಯಿಂದ ಎರಡು ಸಾಲುಗಳನ್ನು ಪೂರ್ತಿಯಾಗಿ, ನೆನಪಿಡುವ ಹೊಣೆಯ ಸಮೇತ, ಬೇರೆಯವರು ತೆಗೆದುಕೊಳ್ಳಬೇಕು. ಮೊದಲ ಎರಡು ವಾರ ಅವರು ಮರೆಯುತ್ತಾರೆ. ನೆನಪಿಸಬೇಡಿ, ಮರೆತದ್ದರ ಫಲ ಅವರೇ ನೋಡಲಿ. ಔಷಧಿಯ ಸಾಲೊಂದನ್ನು ಮಾತ್ರ ಈ ಪ್ರಯೋಗಕ್ಕೆ ಆರಿಸಿಕೊಳ್ಳಬೇಡಿ.

ಇಂತಿ,
ಕೌಟುಂಬಿಕ ಆಪ್ತಸಮಾಲೋಚನೆಯಲ್ಲಿ ತೊಡಗಿರುವ ಓದುಗರು